ನಮ್ಮ ಕಾರಿನ ಬಾಣಂತನ

ಮಂದಿ ಮನೆಯಲ್ಲಿ ಕಾರು ಕೆಡುತ್ತದೆ, ಗ್ಯಾರೇಜಿಗೆ ಹೋಗುತ್ತದೆ, ವಾಪಸ್ ಬರುತ್ತದೆ. ಅಷ್ಟೇ. ನಮ್ಮ ಮನೆಯಲ್ಲಿ ಹಂಗಲ್ಲ ನೋಡ್ರಿ. ಇಲ್ಲಿ ಏನೇ ಕೆಟ್ಟರೂ ಅದಕ್ಕೊಂದು ಮೆರವಣಿಗೆ ಆಗಬೇಕು, ಓಣಿಯವರು ಪರದೆ ಸರಿಸಿ ನೋಡಬೇಕು, ಕಡೆಗೆ ಯೂನಿಫಾರ್ಮ್ ಹಾಕಿದವರು ಯಾರಾದರೂ ಬಂದು ಹೋಗಬೇಕು. ಹೋದ ಚಳಿಗಾಲದಲ್ಲಿ ನಮ್ಮ ಕಾರಿನ ಹಿಂದಿನ ಬ್ರೇಕು ಹಿಡಿದುಕೊಂಡಿದ್ದನ್ನು ನೆನೆಸಿಕೊಂಡರೆ ಈಗಲೂ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು.

ನಾವಿರುವುದು ಲಂಡನ್ನಿನ ಕ್ರೋಯ್ಡನ್‌ನಲ್ಲಿ. ಟ್ರಾಮ್ ಸ್ಟಾಪಿನಿಂದ ಸ್ವಲ್ಪ ಒಳಗೆ, ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು. ಮುಂಬಾಗಿಲಿನ ಎದುರಿಗೆ ಒಂದು ಕಾರು ನಿಲ್ಲುವಷ್ಟು ಕಲ್ಲು ಹಾಸಿದ ಜಾಗ. ನಾನು ಧಾರವಾಡದವಳು, ಫಿಸಿಯೋಥೆರಪಿಸ್ಟ್. ನಮ್ಮವರು ಬೆಂಗಳೂರಿನವರು, ಸಾಫ್ಟ್‌ವೇರ್. ಮಗಳು ಆಗಷ್ಟೇ ಮಗ್ಗಲು ಬೀಳಲು ಕಲಿತಿದ್ದಳು. ಬಾಣಂತನಕ್ಕೆಂದು ಬಂದ ನಮ್ಮ ಅವ್ವ ಬಾಣಂತನ ಮುಗಿದರೂ ಉಳಿದುಕೊಂಡಿದ್ದಳು, ಮತ್ತು ಅವಳ ಕೈಗೆ ಇನ್ನೂ ಬಾಣಂತನದ ರೂಢಿ ಬಿಟ್ಟಿರಲಿಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನಗೊಂದು ಹೊಸ ಕೆಲಸ ಸಿಕ್ಕಿತ್ತು. ಮನೆಮನೆಗೆ ಹೋಗಿ ವಯಸ್ಸಾದವರ ಸೆಟೆದ ಮೊಣಕಾಲು, ಭುಜ ಸಡಿಲು ಮಾಡುವ ಕೆಲಸ. ಒಂದೇ ಷರತ್ತು, ಡ್ರೈವಿಂಗ್ ಲೈಸೆನ್ಸ್ ಇರಬೇಕು. ಜನವರಿ ಮುಗಿಯುವುದರೊಳಗೆ ತೋರಿಸದಿದ್ದರೆ ಕೆಲಸ ಬೇರೆಯವರ ಪಾಲು. ಇಲ್ಲಿ ಟೆಸ್ಟಿಗೆ ದಿನಾಂಕ ಸಿಗುವುದೆಂದರೆ ತಿಂಗಳುಗಟ್ಟಲೆ ಕಾಯಬೇಕು. ಜನವರಿಯಲ್ಲಿ ನನಗೆ ಸಿಕ್ಕಿದ್ದು ಒಂದೇ ಒಂದು. ಅದು ತಪ್ಪಿದರೆ ಮುಂದಿನದು ಬೇಸಿಗೆಗೆ. ಟೆಸ್ಟು ನಮ್ಮ ಕಾರಿನಲ್ಲೇ ಕೊಡುವುದು ಅಂತ ಹಟ ಹಿಡಿದಿದ್ದೆ, ಯಾಕಂದರೆ ಬೇರೆ ಕಾರಿನ ಕ್ಲಚ್ಚಿನ ಮೇಲೆ ಕಾಲಿಟ್ಟರೆ ನನಗೆ ಎದೆ ಡವಡವ ಅನ್ನುತ್ತದೆ. ಒಂದು ಸಲ ಹಾಗೇ ಫೇಲಾಗಿದ್ದೆ ಕೂಡ.

೧. ಕುಂತ ಕಾರು

ಡಿಸೆಂಬರಿನ ಒಂದು ಬೆಳಿಗ್ಗೆ. ಮಳೆಯಿಲ್ಲ, ಹಿಮವಿಲ್ಲ, ಬರೀ ಒಣ ಚಳಿ. ಡ್ರೈವಿಂಗ್ ಮೇಷ್ಟ್ರು ಬಂದರು. ಸೌತ್‌ಹಾಲ್‌ನಲ್ಲಿ ಬೆಳೆದ ಪಂಜಾಬಿ, ದೊಡ್ಡ ಪೇಟ, ಅದಕ್ಕಿಂತ ದೊಡ್ಡ ತಾಳ್ಮೆ. ನಾನು ಕಾರು ಸ್ಟಾರ್ಟ್ ಮಾಡಿ, ಗೇರು ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ಕ್ಲಚ್ಚು ಬಿಟ್ಟೆ. ಕಾರಿನ ಮೂತಿ ಮೇಲೆದ್ದಿತು, ಬಾಲ ಕೆಳಗೆ ಕುಂತಿತು. ನಾಯಿ ಹಿಂಗಾಲು ಮಡಚಿ ಕೂತು ಮೂತಿಯೆತ್ತಿ ನೋಡುತ್ತದಲ್ಲ, ಹಾಗೆ. ಮುಂದಕ್ಕೆ ಹೋಗಲಿಲ್ಲ.

ಸದ್ದು ಕೇಳಿ ನಮ್ಮವರು ಆಫೀಸಿನ ಹೆಡ್‌ಫೋನು ಕುತ್ತಿಗೆಗೆ ಹಾಕಿಕೊಂಡೇ ಹೊರಗೆ ಓಡಿ ಬಂದರು.

"ಆಫ್ ಮಾಡಿ ಆನ್ ಮಾಡು ಕಣೇ."

ಮಾಡಿದೆ. ಕಾರು ಕುಂತೇ ಇತ್ತು.

"ಪೂರ್ತಿ ಆಫ್ ಮಾಡು. ಎಲ್ಲರೂ ಇಳಿದು, ಬಾಗಿಲು ಹಾಕಿ, ಮತ್ತೆ ಹತ್ತಿ ಆನ್ ಮಾಡೋಣ."

ಮೇಷ್ಟ್ರು ಪಾಪ, ಅದನ್ನೂ ಮಾಡಿದರು. ಇಳಿದರು, ಹತ್ತಿದರು. ಆಮೇಲೆ ಮೆಲ್ಲಗೆ ನನ್ನ ಕಡೆ ಬಾಗಿ ಕೇಳಿದರು, "ಇವರು ಏನು ಕೆಲಸ ಮಾಡೋದು?"

"ಕಂಪ್ಯೂಟರ್."

"ಹಂಗಾದರೆ ಒಳಗೆ ಹೋಗಿ ಅದನ್ನೇ ನೋಡಿಕೊಳ್ಳೋಕೆ ಹೇಳಿ."

ಆಮೇಲೆ ಮೇಷ್ಟ್ರು ತಿಳಿಸಿ ಹೇಳಿದರು. ಹಳೇ ಸಣ್ಣ ಕಾರುಗಳ ಹಿಂದಿನ ಗಾಲಿಯಲ್ಲಿ ಡಬ್ಬಿಯಂಥ ಡ್ರಮ್ಮು ಇರುತ್ತದೆ. ಒಳಗೆ ನೀರು ಸೇರಿ, ಹ್ಯಾಂಡ್‌ಬ್ರೇಕ್ ಹಾಕಿಟ್ಟರೆ, ಚಳಿಗೆ ಬ್ರೇಕು ಡ್ರಮ್ಮಿಗೆ ಅಂಟಿ ಹೆಪ್ಪುಗಟ್ಟುತ್ತದೆ. ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿದರೆ ಬಿಡಬಹುದು, ಇಲ್ಲದಿದ್ದರೆ ಬಿಸಿಲು ಬರುವವರೆಗೂ ಕಾಯಬೇಕು. ಅಲುಗಿಸಿದೆವು, ಬಿಡಲಿಲ್ಲ. ಲಂಡನ್ನಿನ ಡಿಸೆಂಬರಿನಲ್ಲಿ ಬಿಸಿಲಿಗೆ ಕಾಯುವುದೆಂದರೆ ಏನು ಹೇಳಲಿ.

ಪಾಠದ ಹೊತ್ತು ಹಾಳಾಗಬಾರದು ಅಂತ ಮೇಷ್ಟ್ರು ಕುಂತ ಕಾರಿನಲ್ಲೇ ಪಾಠ ಮಾಡಿದರು. ಕನ್ನಡಿ ನೋಡಿದೆ, ಇಂಡಿಕೇಟರ್ ಹಾಕಿದೆ, ಎಡಕ್ಕೆ ತಿರುಗಿದೆ, ರೌಂಡಬೌಟ್ ದಾಟಿದೆ, ಎಲ್ಲ ಮನಸ್ಸಿನಲ್ಲೇ. ಕೊನೆಗೆ ಮೇಷ್ಟ್ರು ಇಳಿಯುತ್ತಾ ಬಹಳ ಸಂತೋಷದಿಂದ ಹೇಳಿದರು, "ಮೇಡಂ, ಇವತ್ತು ನೀವು ಒಂದೂ ತಪ್ಪು ಮಾಡಲಿಲ್ಲ."

೨. ಕೆಟಲ್ಲು ಮತ್ತು ಸುತ್ತಿಗೆ

ಮರುದಿನವೂ ಅದೇ ಕತೆ. ಅದರ ಮರುದಿನವೂ. ಮಧ್ಯಾಹ್ನದ ಹೊತ್ತಿಗೆ ತಾನಾಗಿ ಟಕ್ ಅಂತ ಬಿಡುತ್ತಿತ್ತು, ಬೆಳಿಗ್ಗೆ ಮತ್ತೆ ಕುಂತಿರುತ್ತಿತ್ತು. ನನ್ನ ಹೊಟ್ಟೆ ಉರಿಸಿದ್ದೇನೆಂದರೆ, ಓಣಿಯಲ್ಲಿ ನಮ್ಮ ಕಾರಿಗಿಂತ ಮುದಿ ಕಾರುಗಳಿದ್ದವು, ಎಲ್ಲ ಆರಾಮಾಗಿ ಹೋಗುತ್ತಿದ್ದವು. ಕುಂತಿದ್ದು ನಮ್ಮದೊಂದೇ.

ಗ್ಯಾರೇಜಿನವನು ಬಂದು ನೋಡಿದ. ಅವನು ಬಂದಿದ್ದು ಮಧ್ಯಾಹ್ನದ ಮೇಲೆ. "ಎಲ್ಲ ಸರಿಯಾಗೇ ಇದೆಯಲ್ಲ" ಅಂದು ಹೋದ.

ನಮ್ಮವರು ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದರು. ಅಯ್ಯೋ, ಸಲಹೆಗೇನು ಬರವೇ? ಉಪ್ಪು ಹಾಕಿ ಅಂದರು, ಹೇರ್ ಡ್ರೈಯರ್ ಹಿಡಿಯಿರಿ ಅಂದರು, ಕಾರು ಮಾರಿಬಿಡಿ ಅಂದರು. ಎಲ್ಲರಿಗಿಂತ ಉದ್ದದ ಸಲಹೆ ಬಂದಿದ್ದು ಕೊಲಿಂಡೇಲ್‌ನ ಒಬ್ಬರಿಂದ. ಕುದಿಯುವ ನೀರು ಸುರಿಯಿರಿ, ತಕ್ಷಣ ಬಿಡುತ್ತದೆ, ನನ್ನ ಅನುಭವ ಅಂತ ಬರೆದಿದ್ದರು. ಅವರ ಹತ್ತಿರ ಕಾರೇ ಇಲ್ಲ ಅನ್ನುವುದು ನಮಗೆ ಆಮೇಲೆ ಗೊತ್ತಾಯಿತು.

ನಮ್ಮವರು ಕೆಟಲ್ ತುಂಬ ನೀರು ಕುದಿಸಿ ಗಾಲಿಗೆ ಸುರಿದರು. ಭುಸ್ ಅಂತ ಹೊಗೆ ಎದ್ದಿತು, ಟಕ್ ಅಂದಿತು. "ನೋಡಿದೆಯಾ? ಸಿಂಪಲ್!" ಅಂತ ಎದೆಯುಬ್ಬಿಸಿ ಒಳಗೆ ಹೋಗಿ, ಅದೇ ಖುಷಿಗೆ ಒಂದು ಕಾಫಿ ಮಾಡಿಕೊಂಡು, ಕುಡಿದು, ಶೂ ಹಾಕಿಕೊಂಡು ಬರುವುದರೊಳಗೆ ಸುರಿದ ನೀರು ಮತ್ತೆ ಹೆಪ್ಪುಗಟ್ಟಿ ಮೊದಲಿಗಿಂತ ಗಟ್ಟಿಯಾಗಿತ್ತು. ನೆಲವೂ ಗಾಜಿನಂತಾಗಿತ್ತು. ಅವರು ಬಾಗಿಲಿಂದ ಕಾರಿನವರೆಗೆ ನಡೆದು ಬರಲಿಲ್ಲ, ಜಾರಿಕೊಂಡು ಬಂದರು, ಕಾರು ದಾಟಿ ಕಸದ ಡಬ್ಬಿಗಳವರೆಗೂ ಹೋದರು.

ಅಷ್ಟಕ್ಕೇ ಬಿಟ್ಟರೆ ಅವರು ನಮ್ಮವರೇ ಅಲ್ಲ. ಸುತ್ತಿಗೆ ತಂದರು. ಯಾವುದೋ ವಿಡಿಯೋದಲ್ಲಿ ಡ್ರಮ್ಮಿಗೆ ಮೆಲ್ಲಗೆ ಬಡಿಯಬೇಕು ಅಂತ ಇತ್ತಂತೆ. ಇವರು ಬಡಿದಿದ್ದು ಟೈರಿಗೆ. ಟೈರು ಸುತ್ತಿಗೆಯನ್ನು ಇಟ್ಟುಕೊಳ್ಳಲಿಲ್ಲ, ಬಂದಷ್ಟೇ ಜೋರಾಗಿ ವಾಪಸ್ ಕಳಿಸಿತು, ನೇರವಾಗಿ ಇವರ ಮೊಣಕಾಲಿಗೆ. ಒಂದು ವಾರ ಸೋಫಾದ ಮೇಲೆ ಕಾಲು ಚಾಚಿಸಿ ವ್ಯಾಯಾಮ ಮಾಡಿಸಿದೆ. ಮನೆಮನೆಗೆ ಹೋಗಿ ಮೊಣಕಾಲು ನೋಡಲು ಲೈಸೆನ್ಸ್ ಬೇಕೆಂದಿದ್ದರು. ನನ್ನ ಮೊದಲ ಪೇಷೆಂಟು ಲೈಸೆನ್ಸ್ ಇಲ್ಲದೆಯೇ ಸಿಕ್ಕರು.

೩. ಕೌದಿ

ಇಷ್ಟು ದಿನ ಸುಮ್ಮನೆ ನೋಡುತ್ತಿದ್ದ ಅವ್ವ ಒಂದು ದಿನ ಕೂಸನ್ನು ನನ್ನ ಕೈಗೆ ಕೊಟ್ಟು, ಶಾಲು ಹೊದ್ದುಕೊಂಡು ಹೊರಗೆ ಬಂದಳು. ಹಿಂದಿನ ಗಾಲಿಗೆ ಕೈ ಹಚ್ಚಿ ನೋಡಿದಳು.

"ಅಯ್ಯ, ಹೆಂಗ ಸೆಟದೈತಿ ನೋಡು. ಥಂಡಿ ಹೊಕ್ಕೈತಿ ಇದಕ್ಕ."

"ಅವ್ವಾ, ಅದು ಕಾರು."

"ಕಾರಾದ್ರೇನು? ಮುಂದಿನ ಗಾಲಿ ಛಲೋ ಅದಾವಲ್ಲ?"

"ಹೂಂ."

"ಹಂಗಾದ್ರ ಇದು ನಡಾನ. ಬಾಣಂತಿಗೂ ಮೊದಲು ನಡಕ್ಕ ಥಂಡಿ ಹೊಗತೈತಿ. ನಿನಗ ಎಷ್ಟು ಹೇಳಿದ್ರೂ ಕಿವಿ ಕಟಗೊಳ್ಳಲಿಲ್ಲ, ಇದಕ್ಕರ ಕಟ್ಟತೀನಿ ತಡಿ."

ಅವ್ವ ಧಾರವಾಡದಿಂದ ಕೌದಿ ತಂದಿದ್ದಳು. ತನ್ನ ಹಳೇ ಸೀರೆಗಳನ್ನೆಲ್ಲ ಹೊಲಿದು ಮಾಡಿದ್ದು, ಹೊದ್ದರೆ ಎದ್ದೇಳಲು ಮನಸ್ಸಾಗದಂಥದ್ದು. ಅದನ್ನ ಹಿಂದಿನ ಗಾಲಿಗೆ ಸುತ್ತಿ, ಮೇಲಿಂದ ಇಳಿಬಿಟ್ಟು, ಅಂಚುಗಳನ್ನ ಕೆಳಗೆ ಸಿಕ್ಕಿಸಿ, ಮೇಲೊಂದು ಉಣ್ಣೆ ಟೊಪ್ಪಿಗೆ ಬೇರೆ ಇಟ್ಟಳು. ನಾನು ತಲೆ ಚಚ್ಚಿಕೊಂಡೆ. ಆದರೆ ಆ ಹೊತ್ತಿಗೆ ನನಗೂ ಬೇರೆ ದಾರಿ ಕಾಣುತ್ತಿರಲಿಲ್ಲ. ಟೆಸ್ಟಿಗೆ ಹೆಚ್ಚು ದಿನ ಉಳಿದಿರಲಿಲ್ಲ, ಬೆಳಗಿನ ಪಾಠವೆಲ್ಲ ಕುಂತ ಕಾರಿನಲ್ಲೇ ನಡೆಯುತ್ತಿತ್ತು.

ಮರುದಿನ ಬೆಳಿಗ್ಗೆ ಎದುರುಮನೆಯ ಇಂಗ್ಲಿಷ್ ಅಜ್ಜಿ ತಮ್ಮ ಸಣ್ಣ ನಾಯಿಯ ಜೊತೆ ಬಾಗಿಲು ತಟ್ಟಿದರು. ದನಿ ತಗ್ಗಿಸಿ ಕೇಳಿದರು, "ಅವರು ಎದ್ದರಾ?"

"ಯಾರು?"

"ಪಾಪ, ನಿಮ್ಮ ಕಾರಿನ ಪಕ್ಕ ಮಲಗಿದ್ದಾರಲ್ಲ. ಇಂಥಾ ಚಳಿಯಲ್ಲಿ. ನಾನು ಮುಂಜಾನೆ ಚಹಾ, ಎರಡು ಬಿಸ್ಕೆಟ್ ಇಟ್ಟು ಹೋಗಿದ್ದೆ. ಎಬ್ಬಿಸಲಿಲ್ಲ. ಈಗ ನೋಡಿದರೆ ಕಪ್ಪು ಖಾಲಿಯಾಗಿದೆ, ಸಮಾಧಾನ ಆಯಿತು."

ಮನೆಯಿಲ್ಲದವರು ಯಾರೋ ಗಾಲಿಗೊರಗಿ ಮಲಗಿದ್ದಾರೆ ಅಂತ ಅವರು ತಿಳಿದಿದ್ದರು. ನಾನು ನಾಚಿಕೆಯಿಂದ ಸಾಯುತ್ತಾ, ಅದು ಗಾಲಿ, ಅದಕ್ಕೆ ಚಳಿಯಾಗಿದೆ ಅಂತ ವಿವರಿಸಿದೆ. ಅಜ್ಜಿ ಹೋಗಿ ಕೌದಿಯ ಅಂಚು ಎತ್ತಿ ನೋಡಿ ಬಂದರು.

"ಹಾಗಾದರೆ ಚಹಾ ಕುಡಿದವರು ಯಾರು?"

ನಾನು ಹಿಂತಿರುಗಿ ಅವ್ವನ ಮುಖ ನೋಡಿದೆ. ಇಂಗ್ಲಿಷ್ ಬಾರದಿದ್ದರೂ ಮಾತು ಚಹಾದ ಮೇಲೆ ಬಂದಿದೆ ಅಂತ ಅವಳಿಗೆ ತಿಳಿದಿತ್ತು.

"ಎಷ್ಟು ಛಲೋ ಮಂದಿವಾ, ಕಾರಿಗೂ ನೈವೇದ್ಯ ಇಡತಾರ ಅಂತ ನಾನ ಕುಡದೆ. ಸಕ್ರಿ ಒಂದೀಟು ಕಡಿಮಿ ಇತ್ತು ಅನ್ನು ಆಕಿಗೆ."

೪. ಶೇಗಡಿ

ಕೌದಿ ಹೊದ್ದರೂ ಕಾರು ಏಳಲಿಲ್ಲ. ಅವ್ವ ಸೋಲೊಪ್ಪುವವಳಲ್ಲ.

"ಕೌದಿಗೆ ಹೊರಗಿನ ಥಂಡಿ ಹೋತು. ಒಳಗಿಂದು ಹೋಗಬೇಕಂದ್ರ ಕಾಸಬೇಕು."

ನಮ್ಮ ಕಡೆ ಬಾಣಂತಿ ಮಲಗುವ ಹೊರಸಿನ ಕೆಳಗೆ ಶೇಗಡಿಯಲ್ಲಿ ಕೆಂಡ ಇಟ್ಟು ಮೈ ಕಾಸುತ್ತಾರೆ. ಕೆಂಡದ ಮೇಲೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಹೊಗೆ ಹಾಕುತ್ತಾರೆ. ನನ್ನ ಬಾಣಂತನದಲ್ಲಿ ಅದಕ್ಕೂ ನಾನು ಒಪ್ಪಿರಲಿಲ್ಲ. ಈ ಮನೆಯ ಸ್ಮೋಕ್ ಅಲಾರ್ಮಿಗೆ ಒಗ್ಗರಣೆ ಹಾಕಿದರೂ ಸಾಕು, ಕಿರುಚುತ್ತದೆ. ಆ ಆಸೆ ಅವ್ವನ ಹೊಟ್ಟೆಯಲ್ಲೇ ಉಳಿದಿತ್ತು.

ನಾನು ಕೂಸಿಗೆ ಹಾಲು ಕೊಟ್ಟು ಅಲ್ಲೇ ಒಂದು ಗಳಿಗೆ ಕಣ್ಣು ಮುಚ್ಚಿದ್ದೆ. ಅಷ್ಟರಲ್ಲಿ ಅವ್ವ ಬೇಸಿಗೆಯಲ್ಲಿ ಬಾರ್ಬೆಕ್ಯೂಗೆ ತಂದು ಉಳಿದಿದ್ದ ಇದ್ದಿಲನ್ನೆಲ್ಲ ಹಳೇ ತಟ್ಟೆಗೆ ಸುರಿದು, ಕೆಂಡ ಮಾಡಿ, ಕಾರಿನ ಹಿಂದೆ ಇಟ್ಟು, ಹಿಡಿ ತುಂಬ ಲೋಬಾನ ಹಾಕಿದ್ದಳು. ಪೆಟ್ರೋಲ್ ಟ್ಯಾಂಕು ಕೂಡ ಅಲ್ಲೇ ಹಿಂದೆ ಇರುತ್ತದೆ ಅಂತ ಅವಳಿಗೆ ಯಾರು ಹೇಳಬೇಕು? ಹೊಗೆ ಎಂಥಾದ್ದು ಅಂತೀರಿ, ಓಣಿಯ ಆ ತುದಿಯಲ್ಲಿ ಬಸ್ಸಿಗೆ ನಿಂತವರು ಕಾಣುತ್ತಿರಲಿಲ್ಲ.

ಫೈರ್ ಬ್ರಿಗೇಡ್ ಬಂತು. ದೊಡ್ಡ ಕೆಂಪು ಗಾಡಿ, ಹೆಲ್ಮೆಟ್ ಹಾಕಿದ ನಾಲ್ಕು ಜನ. ಅವರು ಬೇರೆ ಏನೂ ಕೇಳದೆ ಮೊದಲು ನೀರು ಹೊಡೆದು ಕೆಂಡ ಆರಿಸಿದರು. ಕೆಂಡದ ಜೊತೆ ಎರಡೂ ಹಿಂದಿನ ಗಾಲಿಗೆ ಅಭ್ಯಂಜನ ಆಯಿತು. ನಾನು ಬಾಯಿಗೆ ಕೈ ಇಟ್ಟುಕೊಂಡು ನಿಂತುಬಿಟ್ಟೆ. ಅವರಲ್ಲಿ ಹಿರಿಯವನು ನಮ್ಮವರ ಕಡೆ ತಿರುಗಿದ.

"ಸರ್, ಇದು ಏನು ನಡೆದಿತ್ತು ಇಲ್ಲಿ?"

ನಮ್ಮವರು ಬೆಂಗಳೂರಿನವರು, ಶೇಗಡಿ ಅಂದರೆ ಅವರಿಗೇ ಅರ್ಧ ಗೊತ್ತು. ಬಹಳ ಯೋಚಿಸಿ, ಸಭ್ಯವಾಗಿ ಹೇಳಿದರು, "ಇದು ಹೆರಿಗೆ ಆದ ಮೇಲಿನ ಆರೈಕೆ. ನಮ್ಮ ಪದ್ಧತಿ."

"ಹೆರಿಗೆ ಯಾರದ್ದು?"

ನಮ್ಮವರು ಕಾರಿನ ಕಡೆ ಕೈ ತೋರಿಸಿದರು.

ಆ ಮನುಷ್ಯ ಕಾರು ನೋಡಿದ, ಕೌದಿ ನೋಡಿದ, ಉಣ್ಣೆ ಟೊಪ್ಪಿಗೆ ನೋಡಿದ. ಬಹಳ ವರ್ಷ ಸರ್ವಿಸ್ ಆದವನಿರಬೇಕು, ಮುಖದಲ್ಲಿ ಒಂದು ಗೆರೆ ಕೂಡ ಅಲುಗಲಿಲ್ಲ. ಹೆಲ್ಮೆಟ್ ಸರಿಮಾಡಿಕೊಂಡು ನಮ್ಮವರ ಕೈ ಕುಲುಕಿದ. "ಕಂಗ್ರಾಜುಲೇಷನ್ಸ್ ಸರ್. ಮುಂದಿನ ಸಲ ಆಸ್ಪತ್ರೆಗೇ ಕರಕೊಂಡು ಹೋಗಿ."

೫. ನರಿ

ಜನವರಿ ಬಂತು. ನನಗೆ ಅಳುವೇ ಬರುತ್ತಿತ್ತು. ಟೆಸ್ಟಿನ ಬೆಳಿಗ್ಗೆ ಕಾರು ಹೀಗೇ ಕುಂತರೆ ಟೆಸ್ಟು ಹೋಯಿತು, ಟೆಸ್ಟಿನ ಜೊತೆ ಕೆಲಸ ಹೋಯಿತು. ಆ ಕೆಲಸ ನನಗೆ ಬೇಕಿತ್ತು ರೀ. ಕೂಸು ಹುಟ್ಟಿದಾಗಿನಿಂದ ಎಲ್ಲರೂ ನನ್ನನ್ನು ಅದರ ತಾಯಿ ಅಂತ ಮಾತಾಡಿಸುತ್ತಿದ್ದರು. ನನ್ನ ಕೈಯಲ್ಲೂ ಒಂದು ವಿದ್ಯೆ ಇದೆ ಅಂತ ನನಗೇ ಮರೆಯುವ ಹಾಗಾಗಿತ್ತು.

ನಮ್ಮವರು ಒಂದು ದಿನ ಹೊಸ ಸಿದ್ಧಾಂತದೊಡನೆ ಬಂದರು. "ಇದು ನರಿ ಕೆಲಸ ಕಣೇ."

ಲಂಡನ್ನಿನಲ್ಲಿ ಬೀದಿಗೊಂದು ನರಿ ಇರುತ್ತದೆ, ಕಸದ ಡಬ್ಬಿ ಹುಡುಕಿಕೊಂಡು ಓಡಾಡುತ್ತದೆ.

"ಮಳೆಯಿಲ್ಲ. ಬೇರೆ ಯಾರ ಕಾರಿಗೂ ಏನೂ ಆಗಿಲ್ಲ. ಬರೀ ಹಿಂದಿನ ಗಾಲಿ. ಅಂದರೆ ಯಾರೋ ದಿನಾ ಬಂದು ಹಿಂದಿನ ಗಾಲಿಗೇ ನೀರು ಬಿಡ್ತಿದ್ದಾರೆ. ನರಿ ಉಚ್ಚೆ ಹೊಯ್ತಿದೆ."

"ಅಲ್ರೀ, ಕಾರು ಹೆಪ್ಪುಗಟ್ಟೋ ಅಷ್ಟು ಹೊಯ್ಯೋಕೆ ಅದು ನರಿನೋ, ಆನೆನೋ?"

ಅವರು ಕೇಳಲಿಲ್ಲ. ಬಾಗಿಲ ಮೇಲೆ ಕ್ಯಾಮೆರಾ ಹಾಕಿದರು. ಮರುದಿನ ತಿಂಡಿ ತಿನ್ನುತ್ತಾ ಎಲ್ಲರೂ ಟಿವಿಯಲ್ಲಿ ಅದನ್ನ ಹಾಕಿಕೊಂಡು ಕೂತೆವು. ಅವ್ವ ಕೂಸನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು.

ಬಹಳ ಹೊತ್ತು ಏನೂ ಇಲ್ಲ. ಒಂದು ನರಿ ಬಂತು ನಿಜ. ಗಾಲಿಯನ್ನು ಮೂಸಿ, ಲೋಬಾನದ ವಾಸನೆಗೋ ಏನೋ ಸೀನಿ, ಹೋಯಿತು. ನಮ್ಮವರ ಮುಖ ಬಾಡಿತು. ಆಮೇಲೆ, ಬೆಳಕು ಹರಿಯುವ ಮುಂಚೆ, ಮುಂಬಾಗಿಲು ತೆರೆಯಿತು. ಸೀರೆಯ ಮೇಲೆ ನಮ್ಮವರ ಉದ್ದ ಕೋಟು, ತಲೆಗೆ ಮಂಕಿ ಕ್ಯಾಪು, ಕೈಯಲ್ಲಿ ದೊಡ್ಡ ಬಕೆಟ್ಟು. ಆ ಆಕೃತಿ ಬಕೆಟ್ಟನ್ನು ಹಿಂದಕ್ಕೆ ತೂಗಿ, ಸೊಂಟದಿಂದ ಒಂದು ಬೀಸು ಬೀಸಿ, ನೀರನ್ನು ಭರ್ ಅಂತ ಎರಚಿತು. ಕಾರಿನ ಬಾಲ ತೊಯ್ದಿತು, ಎರಡೂ ಗಾಲಿ ತೊಯ್ದವು. ಒಳಗೆ ಹೋಗಿ ಇನ್ನೊಂದು ಬಕೆಟ್ ತಂದು ಅದನ್ನೂ ಎರಚಿತು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಹೊಸ್ತಿಲ ಮುಂದೆ ರಂಗೋಲಿ ಎಳೆದು, ಎದ್ದು, ಕಾರಿನ ಡಿಕ್ಕಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು.

ನಾವಿಬ್ಬರೂ ಟಿವಿ ಬಿಟ್ಟು ಅವ್ವನ ಕಡೆ ತಿರುಗಿದೆವು.

"ಯಾರ ಅದು, ನಾನ ಏನು?" ಅಂದಳು ಅವ್ವ. "ಛಲೋ ಕಾಣ್ತೀನಲ್ಲ!"

ಬೆಳಿಗ್ಗೆ ಬಾಗಿಲ ಮುಂದೆ ನೀರು ಎರಚಿ ರಂಗೋಲಿ ಹಾಕುವುದಕ್ಕೆ ನಮ್ಮ ಕಡೆ ಥಳಿ ಹೊಡೆಯುವುದು ಅನ್ನುತ್ತೇವೆ. ಹುಟ್ಟಿದಾಗಿನಿಂದ ಹೊಸ್ತಿಲ ಮುಂದೆ ನೀರು ನೋಡಿಕೊಂಡು ಬೆಳೆದವಳು ನಾನು, ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ದಿನಾ ರಂಗೋಲಿ ನೋಡಿ ಛಂದ ಅಂದಿದ್ದೆ. ಪೋಸ್ಟಿನವನು ನಮ್ಮ ಮನೆ ಮುಂದೆ ಮಾತ್ರ ಕೈಕಾಲು ಆಡಿಸುತ್ತಾ ಕುಣಿದು ಬರುವುದನ್ನ ನೋಡಿ ನಕ್ಕಿದ್ದೆ. ಇನ್ನು ಕಾರನ್ನು ರಿವರ್ಸಿನಲ್ಲಿ, ಬಾಲವನ್ನು ಬಾಗಿಲ ಕಡೆ ಮಾಡಿ ನಿಲ್ಲಿಸುತ್ತಿದ್ದದ್ದು ನನಗಾಗಿಯೇ, ಕಲಿಯುವವಳಿಗೆ ಸೀದಾ ಮುಂದಕ್ಕೆ ಹೊರಡಲು ಸುಲಭವಾಗಲಿ ಅಂತ.

ನನಗೆ ಸಿಟ್ಟು ನೆತ್ತಿಗೇರಿತು. "ಅವ್ವಾ! ಇಷ್ಟು ದಿನ ಗಾಲಿಗೆ ನೀರು ಹಾಕಿ ಹಾಕಿ ನೀನ ಕಟ್ಟಿಹಾಕಿ, ನೀನ ಕೌದಿ ಹೊಚ್ಚಿದೆಲ್ಲ! ಈ ದೇಶದಾಗ ಯಾರರ ಥಳಿ ಹೊಡೀತಾರೇನು? ಬಿಟ್ಟರ ಏನ ಆಗತಿತ್ತು?"

ಅವ್ವನ ತಟ್ಟುವ ಕೈ ನಿಂತಿತು. "ಬಾಗಲಿಗೆ ನೀರು ಬೀಳಲಾರದ್ದು ಸತ್ತವರ ಮನ್ಯಾಗ. ಕೂಸಿರೂ ಮನ್ಯಾಗ ನಾ ಹಂಗ ಬಿಡ್ಲೇನು?" ಅವಳ ಕಣ್ಣು ತುಂಬಿದವು. "ದಿನಾ ಒಂದ ಬಕೆಟ್ ಹಾಕ್ತಿದ್ದೆ. ನಿನ್ನ ಪರೀಕ್ಷಾ ಪಾಸಾಗಲಿ ಅಂತ ಇನ್ನೊಂದು ಬಕೆಟ್ ಹೆಚ್ಚಿಗಿ ಹಾಕೀನಿ."

ಏನು ಹೇಳುತ್ತೀರಿ ಇದಕ್ಕೆ? ಆ ಚಳಿಯಲ್ಲಿ, ಎಲ್ಲರೂ ಮಲಗಿರುವಾಗ, ನನ್ನ ಸಲುವಾಗಿ ಹೆಚ್ಚಿನ ಬಕೆಟ್ಟು. ನನಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ಮಾಡಿದೆ. ಅವ್ವನ ಮಗ್ಗಲಿಗೆ ಹೋಗಿ ಕೂತೆ. ಕಡೆಗೆ ಒಪ್ಪಂದವಾಯಿತು. ಟೆಸ್ಟು ಮುಗಿಯುವವರೆಗೆ ಚಂಬಿನಲ್ಲಿ ಬೆರಳು ಅದ್ದಿ ಹೊಸ್ತಿಲಿಗೆ ನಾಲ್ಕು ಹನಿ ಚಿಮುಕಿಸುವುದು, ಕಾರಿಗೆ ಒಂದು ಹನಿಯೂ ತಾಗಬಾರದು. ಅವ್ವ ಕೂಸಿನ ತಲೆ ಮುಟ್ಟಿ ಒಪ್ಪಿದಳು.

ನಮ್ಮವರು ಮಾತ್ರ ರಿಮೋಟು ಹಿಡಿದು ವಿಡಿಯೋ ಹಿಂದಕ್ಕೆ ಓಡಿಸುತ್ತಲೇ ಇದ್ದರು. "ಆದರೂ ಆ ನರಿ ಯಾಕೆ ಅಷ್ಟು ಹೊತ್ತು ಮೂಸ್ತು ಅಂತೀನಿ."

೬. ಲಟ್ಟಣಿಗೆ

ಮೇಷ್ಟ್ರು ಇನ್ನೊಂದು ಕಟ್ಟಪ್ಪಣೆ ಮಾಡಿದ್ದರು. ಈ ಚಳಿಯಲ್ಲಿ ನಿಲ್ಲಿಸಿಡುವಾಗ ಹ್ಯಾಂಡ್‌ಬ್ರೇಕ್ ಹಾಕಲೇಬೇಡಿ, ಗೇರಿನಲ್ಲಿ ಬಿಟ್ಟು ಗಾಲಿಗೆ ಏನಾದರೂ ಒತ್ತು ಕೊಡಿ. ಇಟ್ಟಿಗೆ ಹುಡುಕಿದರೆ ಮನೆಯಲ್ಲಿ ಒಂದೂ ಇಲ್ಲ. ಅವ್ವ ತನ್ನ ಲಟ್ಟಣಿಗೆ ಕೊಟ್ಟಳು. ಧಾರವಾಡದಿಂದ ತಂದ ದಪ್ಪ ಕಟ್ಟಿಗೆಯದು. ಗಾಲಿಗೂ ಕಲ್ಲಿಗೂ ನಡುವೆ ಚೆನ್ನಾಗಿ ಕಚ್ಚಿ ಕೂತಿತು. ಮಧ್ಯಾಹ್ನ ಅದರಿಂದ ಚಪಾತಿ, ಸಂಜೆಯಿಂದ ಬೆಳಗಿನವರೆಗೆ ಅದು ಕಾರಿನ ಗಾಲಿಗೆ. ದಿನಾ ಇಟ್ಟು ತೆಗೆದು, ಇಟ್ಟು ತೆಗೆದು, ನನಗೆ ಅದು ಸೀಟ್‌ಬೆಲ್ಟ್ ಹಾಕಿಕೊಂಡಷ್ಟೇ ರೂಢಿಯಾಯಿತು.

ಟೆಸ್ಟಿನ ಬೆಳಿಗ್ಗೆ ಲಟ್ಟಣಿಗೆ ತೆಗೆದು ಸೀಟಿನ ಕೆಳಗೆ ಹಾಕಿ ಕ್ಲಚ್ಚು ಬಿಟ್ಟರೆ, ಕಾರು ಹೂವಿನ ಹಾಗೆ ಮುಂದೆ ಬಂತು. ಅವ್ವ ಕಣ್ಣು ಒರೆಸಿಕೊಂಡು ಒಂದು ತೆಂಗಿನಕಾಯಿ ತಂದು ಸೀಟಿನ ಮೇಲಿಟ್ಟಳು.

"ಪಾಸಾದ್ರ ಅಲ್ಲೇ ಒಡದು ಬಾ. ಬೇಡಿಕೊಂಡೀನಿ."

"ಅವ್ವಾ, ಅಲ್ಲಿ ಕಾಯಿ ಒಡದರ ನನ್ನ ಪೊಲೀಸರು ಹಿಡೀತಾರ. ನಾ ಒಡ್ಯಾಂಗಿಲ್ಲ ನೋಡು."

"ದೇವರ ಇಚ್ಛಾ" ಅಂದು ಅವಳು ಒಳಗೆ ಹೋದಳು, ಹೋಳಿಗೆಗೆ ಬೇಳೆ ಬೇಯಲು ಇಟ್ಟಿದ್ದಳು.

ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೆಸ್ಟ್ ಸೆಂಟರಿಗೆ ಹೋದೆ. ಅಲ್ಲಿ ಪರೀಕ್ಷೆ ಮಾಡುವವರು ಬಂದರು. ತೆಳ್ಳಗೆ, ಉದ್ದಕ್ಕೆ, ನಗದ ಮನುಷ್ಯ. ಹೊರಡುವ ಮುಂಚೆ ಕಾರಿನ ಬಗ್ಗೆ ಒಂದು ಪ್ರಶ್ನೆ ಕೇಳುವುದು ಇಲ್ಲಿನ ನಿಯಮ. ಕೇಳಬಹುದಾದ ಪ್ರಶ್ನೆ ಎಷ್ಟೊಂದಿವೆ, ಟೈರು, ದೀಪ, ಎಣ್ಣೆ. ಆ ಪುಣ್ಯಾತ್ಮ ಕೇಳಿದ್ದು, "ಹೊರಡುವ ಮುಂಚೆ ಬ್ರೇಕು ಸರಿಯಾಗಿದೆಯೇ ಅಂತ ಹೇಗೆ ನೋಡುತ್ತೀರಿ?"

ನನಗೆ ಇಡೀ ಚಳಿಗಾಲ ಗಂಟಲಿಗೆ ಬಂತು. ಡ್ರಮ್ಮಿನಿಂದ ಶುರುಮಾಡಿ, ಹೆಪ್ಪುಗಟ್ಟುವುದು, ಕುದಿಯುವ ನೀರು ಯಾಕೆ ಹಾಕಬಾರದು, ಸುತ್ತಿಗೆ ಎಲ್ಲಿ ಬಡಿಯಬಾರದು, ಕೌದಿಯಿಂದ ಯಾಕೆ ಉಪಯೋಗವಿಲ್ಲ, ಎಲ್ಲ ಹೇಳಿದೆ. ನರಿಯವರೆಗೆ ಬರುವಷ್ಟರಲ್ಲಿ ಅವರು ಕೈ ಎತ್ತಿದರು. "ಸಾಕು ಮೇಡಂ. ಪೆಡಲ್ ಮೆತ್ತಗಿರಬಾರದು ಅಂದರೆ ಸಾಕಿತ್ತು."

ಓಡಿಸಿದೆ. ಸರಿಯಾಗೇ ಓಡಿಸಿದೆ. ವಾಪಸ್ ಬಂದು ಸೆಂಟರಿನಲ್ಲಿ ನಿಲ್ಲಿಸಿದೆ. ಅವರು ಟ್ಯಾಬ್ಲೆಟ್ ನೋಡುತ್ತಾ, "ಕಾರು ಭದ್ರಮಾಡಿ, ಎಂಜಿನ್ ಆಫ್ ಮಾಡಿ" ಅಂದರು. ಭದ್ರಮಾಡು ಅಂದರು ನೋಡ್ರಿ, ನನ್ನ ಕೈ ತಾನಾಗಿ ಸೀಟಿನ ಕೆಳಗೆ ಹೋಯಿತು. ಗೇರಿನಲ್ಲಿ ಬಿಟ್ಟು, ಲಟ್ಟಣಿಗೆ ಹಿಡಿದು, ಬಾಗಿಲು ತೆಗೆದು ಇಳಿದೆ.

"ಮೇಡಂ? ಎಲ್ಲಿಗೆ ಹೊರಟಿರಿ? ಫಲಿತಾಂಶ ಇನ್ನೂ ಹೇಳಿಲ್ಲ!"

"ಒಂದೇ ನಿಮಿಷ ಸರ್" ಅಂದೆ. ಹಿಂದಿನ ಗಾಲಿಯ ಹಿಂಬದಿಗೆ ಲಟ್ಟಣಿಗೆ ಒತ್ತುಕೊಟ್ಟು, ಕಾಲಿಂದ ಒದ್ದು ಗಟ್ಟಿಮಾಡಿ, ಕೈ ಝಾಡಿಸಿಕೊಂಡು ಬಂದು ಕೂತೆ. ಅವರು ಕನ್ನಡಿಯಲ್ಲಿ ಎಲ್ಲ ನೋಡಿದ್ದರು. ಬಹಳ ಹೊತ್ತು ಟ್ಯಾಬ್ಲೆಟ್ಟನ್ನು ಮೇಲೆ ಕೆಳಗೆ ಸರಿಸಿದರು.

"ಪಾಸಾಗಿದ್ದೀರಿ" ಅಂದರು ಕಡೆಗೆ. "ಒಂದು ಸಣ್ಣ ತಪ್ಪು ಹಾಕಬೇಕು ಅಂತಿದ್ದೆ. ಆದರೆ ಲಟ್ಟಣಿಗೆಗೆ ಇದರಲ್ಲಿ ಜಾಗ ಇಲ್ಲ."

ಆಮೇಲೆ ಏನಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಅತ್ತೆ, ನಕ್ಕೆ, ಮೇಷ್ಟ್ರ ಕೈ ಹಿಡಿದು ಕುಣಿದೆ. ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಬಂದು ನಮ್ಮ ಮನೆ ಮುಂದೆ ಕಾರು ನಿಲ್ಲಿಸಿದೆ, ಅವರು ತಮ್ಮ ದಾರಿ ಹಿಡಿದರು. ಅವ್ವ ಬಾಗಿಲಲ್ಲೇ ನಿಂತಿದ್ದಳು. ಮುಖ ನೋಡಿಯೇ ತಿಳಿದು ನನ್ನ ಕೆನ್ನೆ ಸವರಿ ಲಟಿಗೆ ಮುರಿದಳು. ಆಮೇಲೆ ಕೈ ಚಾಚಿದಳು.

"ಹೂರಣ ತಯಾರೈತಿ. ಲಟ್ಟಣಿಗಿ ಕೊಡು."

ಲಟ್ಟಣಿಗೆ ಟೆಸ್ಟ್ ಸೆಂಟರಿನ ನೆಲದ ಮೇಲಿತ್ತು.

ಹೀಗಾಗಿ ಲೈಸೆನ್ಸ್ ಬಂದ ಮೇಲೆ ನಾನು ಒಬ್ಬಳೇ ಓಡಿಸಿದ ಮೊದಲನೆಯ ಪ್ರಯಾಣ ಲಟ್ಟಣಿಗೆ ತರಲು. ಸೆಂಟರಿಗೆ ಹೋಗಿ ನಿಲ್ಲಿಸಿದೆ. ಗಾಲಿಗೆ ಒತ್ತುಕೊಡಲು ಕೈಗೆ ಸಿಕ್ಕಿದ್ದು ಸೀಟಿನ ಮೇಲಿನ ತೆಂಗಿನಕಾಯಿ, ಅದನ್ನೇ ಹಿಂದಿನ ಗಾಲಿಯ ಹಿಂಬದಿಗೆ ಇಟ್ಟು ಒಳಗೆ ಓಡಿದೆ. ಅದೇ ನಗದ ಮನುಷ್ಯ ಲಟ್ಟಣಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟರು. ಥ್ಯಾಂಕ್ಸ್ ಹೇಳಿ ಬಂದು ಕಾರು ಹತ್ತಿ, ರಿವರ್ಸ್ ಗೇರು ಹಾಕಿ, ಕ್ಲಚ್ಚು ಬಿಟ್ಟೆ.

ಕಾರು ಹಿಂದಕ್ಕೆ ಬರಲಿಲ್ಲ.

ಅಯ್ಯೋ ದೇವರೇ, ಇಷ್ಟರಲ್ಲೇ ಮತ್ತೆ ಹಿಂದಿನ ಗಾಲಿ ಹಿಡಿದುಕೊಂಡಿತಾ? ಮುಂದೆ ಗೋಡೆ, ಮೇಷ್ಟ್ರು ಹೇಳಿಕೊಟ್ಟ ಹಾಗೆ ಹಿಂದಕ್ಕಷ್ಟೇ ಮೆಲ್ಲಗೆ ಅಲುಗಿಸಿದೆ. ಬಿಡಲಿಲ್ಲ. ಸಿಟ್ಟು ಬಂತು. ಇಡೀ ಚಳಿಗಾಲದ ಸಿಟ್ಟನ್ನೆಲ್ಲ ಕಾಲಿಗೆ ತಂದು ಆಕ್ಸಿಲರೇಟರ್ ಒತ್ತಿದೆ.

ಫಟ್!

ಕಿಟಕಿಯಲ್ಲಿ ಆ ನಗದ ಮನುಷ್ಯ ನಿಂತಿದ್ದರು. ಗಾಲಿಯ ಸುತ್ತ ಕಾಯಿಯ ನೀರು ಹರಿದಿತ್ತು. ಅವರು ಮೊದಲ ಸಲ ನಕ್ಕರು, ಗೋಡೆ ಹಿಡಿದುಕೊಂಡು ನಕ್ಕರು. ಅದೇ ಹೊತ್ತಿಗೆ ಅವ್ವನ ಫೋನು ಬಂತು.

"ಲಟ್ಟಣಿಗಿ ಸಿಕ್ತೇನವಾ? ಕಾಯಿ ಏನ ಮಾಡಿದಿ?"

"ಒಡದೆ ಅವ್ವಾ. ಪರೀಕ್ಷಾ ಮಾಡಿದವರ ಎದುರಿಗೇ ಒಡದೆ."

ಅವ್ವ ನಿಟ್ಟುಸಿರು ಬಿಟ್ಟಳು. "ಸಮಾಧಾನ ಆತು ನೋಡು. ಎರಡ ಹೋಳ ಸರೀ ಆದವಾ?"